ಪ್ರಯೋಗ ಕೆಟ್ಟಿದೆಯೋ, ಮನಸ್ಸು ಕೆಟ್ಟಿದೆಯೋ: ವಿಜ್ಞಾನ ವಿಭಾಗಗಳಿಗೆ ಒಂದು ಕೈಪಿಡಿ

ಅಕ್ಟೋಬರ್ 10 ಬಂತೆಂದರೆ ಕಾಲೇಜಿನಲ್ಲಿ ಒಂದು ಬ್ಯಾನರ್ ಏರುತ್ತದೆ, ಒಂದು ಭಾಷಣ ಆಗುತ್ತದೆ, ಚಹಾ-ಬಿಸ್ಕೀಟಿನೊಂದಿಗೆ ವಿಶ್ವ ಮಾನಸಿಕ ಆರೋಗ್ಯ ದಿನ ಮುಗಿಯುತ್ತದೆ. ಹನ್ನೊಂದರ ಬೆಳಗ್ಗೆ ಅದೇ ಹುಡುಗ ಅದೇ ಲ್ಯಾಬಿಗೆ ಬಂದು, ಮೂರು ವಾರದಿಂದ ಬಾರದ ಫಲಿತಾಂಶದ ಮುಂದೆ ಕೂರುತ್ತಾನೆ. ಭಾಷಣದಿಂದ ಯಾರಿಗೂ ಕೆಡುಕಿಲ್ಲ, ಅಷ್ಟೇ.

ವಿಜ್ಞಾನದವರ ಒತ್ತಡದಲ್ಲಿ ದೊಡ್ಡ ಪಾಲು ಕೆಲಸದ ಒಳಗೇ ಅಡಗಿರುತ್ತದೆ: ಕೈಕೊಟ್ಟ ಪ್ರಯೋಗ, ಸಿಗದ ಗೈಡ್, ಬಾರದ ಫೆಲೋಶಿಪ್. ಅದನ್ನು ವಿಭಾಗದೊಳಗೇ ಸರಿಮಾಡಬೇಕು. ಇನ್ನೊಂದು ಪಾಲು ಕಾಯಿಲೆ. ಅದಕ್ಕೆ ವೈದ್ಯರೇ ಬೇಕು. ಎರಡನ್ನೂ ಕಲಸಿಬಿಟ್ಟಾಗ ಖಿನ್ನತೆ ಇದ್ದವನಿಗೆ 'ಇನ್ನಷ್ಟು ದುಡಿ' ಎನ್ನುತ್ತೇವೆ, ಎಲ್ಲರೆದುರು ಬೈಸಿಕೊಂಡು ನೊಂದವಳಿಗೆ 'ಧ್ಯಾನ ಮಾಡು' ಎನ್ನುತ್ತೇವೆ. ಈ ಬರಹ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ವಿಜ್ಞಾನ, ಕೃಷಿ, ತೋಟಗಾರಿಕೆ, ಎಂಜಿನಿಯರಿಂಗ್ ವಿಭಾಗಗಳ ಅಧ್ಯಾಪಕರಿಗೆ, ವಾರ್ಡನ್‌ಗಳಿಗೆ, ಸೀನಿಯರ್‌ಗಳಿಗೆ, ಕಷ್ಟದಲ್ಲಿರುವವರಿಗೂ.

ಸಮಸ್ಯೆ ನಮ್ಮೂರಿನದಷ್ಟೇ ಅಲ್ಲ. 2018ರಲ್ಲಿ 'ನೇಚರ್ ಬಯೋಟೆಕ್ನಾಲಜಿ' ಪತ್ರಿಕೆಯಲ್ಲಿ ಬಂದ ಸಮೀಕ್ಷೆಯಲ್ಲಿ 26 ದೇಶಗಳ 2,279 ಮಂದಿ ಉತ್ತರಿಸಿದ್ದರು, ಹೆಚ್ಚಿನವರು ಪಿಎಚ್‌ಡಿ ವಿದ್ಯಾರ್ಥಿಗಳು. ಶೇ 41ರಷ್ಟು ಜನರಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಆತಂಕ, ಶೇ 39ರಷ್ಟು ಜನರಲ್ಲಿ ಅದೇ ಮಟ್ಟದ ಖಿನ್ನತೆ ಕಂಡುಬಂತು. ತಾವಾಗಿ ಮುಂದೆ ಬಂದು ಉತ್ತರಿಸಿದವರ ಲೆಕ್ಕ ಇದು. ನೊಂದವರೇ ಹೆಚ್ಚು ಉತ್ತರಿಸಿರಬಹುದು. ಅಷ್ಟು ಕಳೆದರೂ ಉಳಿಯುವ ಸಂಖ್ಯೆ ಸಣ್ಣದಲ್ಲ.

ಎರಡು ವಾರದ ಲೆಕ್ಕ

ಬೇಸರ, ಪರೀಕ್ಷೆಯ ಹೆದರಿಕೆ, ಸಿಟ್ಟು ಎಲ್ಲರಿಗೂ ಬರುತ್ತವೆ, ಹೋಗುತ್ತವೆ. ನೋಡಬೇಕಾದದ್ದು ಒಬ್ಬರು ಮೊದಲಿದ್ದ ಹಾಗೆ ಈಗ ಇದ್ದಾರೆಯೇ ಎಂಬುದನ್ನು. ಲ್ಯಾಬಿನಲ್ಲಿ ಅದರ ಗುರುತುಗಳು ಸಣ್ಣವು. ನೋಟ್‌ಬುಕ್ಕಿನಲ್ಲಿ ದಿನಾಂಕಗಳು ಬಿಟ್ಟುಹೋಗುತ್ತವೆ. ಗೈಡ್ ಇಲ್ಲದ ಹೊತ್ತು ನೋಡಿ ಬರುವುದು ಶುರುವಾಗುತ್ತದೆ. ಕಣ್ಣುಮುಚ್ಚಿ ಮಾಡುತ್ತಿದ್ದ ತೂಕ, ದ್ರಾವಣಗಳಲ್ಲಿ ತಪ್ಪು ಬೀಳುತ್ತದೆ. ಖಾನಾವಳಿಯ ಡಬ್ಬಿ ಅರ್ಧ ತುಂಬಿದ್ದೇ ಮರಳುತ್ತದೆ. ಇದಕ್ಕೆ ತಿರುಗುಮುರುಗಾದ ಗುರುತೂ ಒಂದುಂಟು: ಹಗಲು ರಾತ್ರಿ ಲ್ಯಾಬಿನಲ್ಲೇ ಇರುವುದು, ಭಾನುವಾರವೂ ಖೋಲಿಗೆ ಹೋಗದಿರುವುದು. ಅಂಥವರನ್ನು ನಾವು 'ಭಾಳ ಶ್ರಮಜೀವಿ' ಎಂದು ಹೊಗಳುತ್ತೇವೆ. ಕೇಳುವವರು ಯಾರೂ ಇರುವುದಿಲ್ಲ.

ಇಂಥ ಎರಡು-ಮೂರು ಬದಲಾವಣೆ ಎರಡು ವಾರ ಹೆಚ್ಚುಕಡಿಮೆ ದಿನವೂ ಕಂಡರೆ ಮಾತಾಡಿಸಿ. ಕಾರಿಡಾರಿನಲ್ಲಲ್ಲ, ಎಚ್‌ಒಡಿ ಕೋಣೆಯಲ್ಲಂತೂ ಅಲ್ಲ, ಚಹಾದಂಗಡಿವರೆಗೆ ನಡೆಯುತ್ತಾ. "ಯಾಕೋ ತಮ್ಮಾ, ಎರಡ ವಾರದಿಂದ ಸಪ್ಪಗ ಅದಿ. ಊಟಾ, ನಿದ್ದಿ ಹೆಂಗೈತಿ?" ಇಷ್ಟು ಸಾಕು. 'ಏನಾದ್ರೂ ತೊಂದರೆ ಇದೆಯಾ?' ಎಂದರೆ 'ಏನಿಲ್ರಿ ಸರ್' ಎಂಬ ಉತ್ತರ ಸಿದ್ಧವಾಗಿರುತ್ತದೆ. ಊಟ-ನಿದ್ದೆ ಕೇಳಿದರೆ ನಿಜ ಬರುತ್ತದೆ. ಬಂದ ಮೇಲೆ ಹತ್ತು ನಿಮಿಷ ಉಪದೇಶ ಬೇಡ, ನಿಮ್ಮ ಕಾಲದ ಕಷ್ಟದ ಕಥೆಯೂ ಬೇಡ.

ಅಳೆಯಲು ಒಂದು ಸಾಧನವೂ ಇದೆ: ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ. ಕನ್ನಡದಲ್ಲೂ ಸಿಗುತ್ತದೆ. ಕಳೆದ ಎರಡು ವಾರಗಳನ್ನು ನೆನೆದು ಪ್ರತಿ ಪ್ರಶ್ನೆಗೆ 0ರಿಂದ 3 ಅಂಕ, ಒಟ್ಟು 27. ಐದರಿಂದ ಒಂಬತ್ತು ಬಂದರೆ ಸೌಮ್ಯ, ಎರಡು ವಾರ ಬಿಟ್ಟು ಮತ್ತೆ ನೋಡಿ. ಹತ್ತು ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು, ಇಪ್ಪತ್ತು ಮುಟ್ಟಿದರೆ ತಡಮಾಡಬಾರದು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದರಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ, ಉಳಿದದ್ದು ಎಷ್ಟೇ ಕಡಿಮೆ ಇದ್ದರೂ, ಅವತ್ತೇ ಯಾರೊಂದಿಗಾದರೂ ಮಾತಾಡಬೇಕು. ಈ ಹಾಳೆ ಜರಡಿ ಇದ್ದಂತೆ. ಕಾಯಿಲೆ ಇದೆ ಎಂದು ಹೇಳುವವರು ವೈದ್ಯರು. ಇದನ್ನು ಕ್ಲಾಸಿನಲ್ಲಿ ಹಂಚಿ ತಿರುಗಿ ತೆಗೆದುಕೊಳ್ಳುವುದು ನಾವು ಪದೇ ಪದೇ ಕಾಣುವ ತಪ್ಪು. ಆಗ ಎಲ್ಲರೂ ಸೊನ್ನೆ ಬರೆಯುತ್ತಾರೆ. ತುಂಬುವವರ ಕೈಯಲ್ಲೇ ಅದು ಉಳಿಯಬೇಕು.

ವೈದ್ಯರ ಹತ್ತಿರ ಹೋದಾಗ ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ವಿಟಮಿನ್ ಬಿ12 ಪರೀಕ್ಷೆ ಬೇಕೇ ಎಂದು ಕೇಳಿ. ಈ ಮೂರರಲ್ಲಿ ಯಾವುದು ಏರುಪೇರಾದರೂ ಸುಸ್ತು, ಮರೆವು, ಮಂಕು ಬರಬಹುದು. ಶುದ್ಧ ಸಸ್ಯಾಹಾರಿ ಮೆಸ್ಸಿನಲ್ಲಿ ಹಾಲು-ಮೊಸರೂ ತಪ್ಪಿದ್ದರೆ ಬಿ12 ಕೊರತೆ ಅಪರೂಪವೇನಲ್ಲ.

ಕೈಕೊಟ್ಟ ಪ್ರಯೋಗದ ಹಾಳೆ

ಇದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ವಿಜ್ಞಾನಕ್ಕೇ ವಿಶೇಷವಾದ ನೋವು ಇದು. ಪದವಿಯವರೆಗೂ ಪ್ರಾಕ್ಟಿಕಲ್ ಎಂದರೆ ಉತ್ತರ ಗೊತ್ತಿರುವ ಪ್ರಯೋಗ. ಬರದಿದ್ದರೆ ತಪ್ಪು ಮಾಡಿದವನದು. ಸಂಶೋಧನೆಯಲ್ಲಿ ಬಾರದಿರುವುದೇ ದಿನನಿತ್ಯದ ಮಾತು. ಈ ಬದಲಾವಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ಪಿಸಿಆರ್ (ಡಿಎನ್‌ಎ ತುಣುಕನ್ನು ಹೆಚ್ಚಿಸುವ ಪ್ರಯೋಗ) ಜೆಲ್ಲಿನಲ್ಲಿ ಬ್ಯಾಂಡ್, ಅಂದರೆ ಕಾಣಬೇಕಾದ ಗೆರೆ, ಬಾರದಿದ್ದರೆ ಹುಡುಗಿ ಓದಿಕೊಳ್ಳುವುದು 'ನನ್ನಿಂದ ಆಗದು' ಎಂದು. ಜೆಲ್ಲು ಅದನ್ನು ಹೇಳಿರುವುದಿಲ್ಲ.

ಮೊದಲ ವಾರದಲ್ಲೇ ಪ್ರತಿಯೊಬ್ಬರಿಗೂ ಒಂದು ಬೇರೆ ನೋಟ್‌ಬುಕ್ ಕೊಡಿ. ಪುಟಕ್ಕೆ ನಾಲ್ಕು ಕಾಲಂ: ಏನಾಯಿತು, ಪಾಸಿಟಿವ್ ಕಂಟ್ರೋಲ್ (ಫಲಿತಾಂಶ ಬಂದೇ ಬರಬೇಕಾದ ಹೋಲಿಕೆಯ ಮಾದರಿ) ಏನಾಯಿತು, ಹಿಂದಿನ ಸಲಕ್ಕಿಂತ ಬದಲಿಸಿದ ಒಂದೇ ಒಂದು ಸಂಗತಿ ಯಾವುದು, ಮುಂದೆ ಬದಲಿಸುವುದು ಯಾವುದು. ರೀಏಜೆಂಟಿನ ಬ್ಯಾಚ್ ಸಂಖ್ಯೆ, ಡಬ್ಬಿ ತೆರೆದ ದಿನ, ಅವತ್ತು ಕರೆಂಟು ಹೋಗಿತ್ತೇ ಎಂಬುದನ್ನೂ ಬರೆಯಬೇಕು. ಕೊನೆಯದು ಹಾಸ್ಯಕ್ಕಲ್ಲ. ಯುಪಿಎಸ್ ಇಲ್ಲದ ಫ್ರೀಜರಿನಲ್ಲಿ ಬೇಸಿಗೆಯ ಮಧ್ಯಾಹ್ನ ಮೂರು ತಾಸು ಕರೆಂಟು ಹೋದರೆ ಎನ್‌ಜೈಮಿನ ಕಸುವು ಕುಗ್ಗಬಹುದು, ಆ ದೂರು ಮಾತ್ರ ಕೈಯಲ್ಲಿ ಪಿಪೆಟ್ ಹಿಡಿದವರ ತಲೆಗೆ ಬರುತ್ತದೆ. ಪ್ರೈಮರನ್ನು (ಪಿಸಿಆರ್‌ಗೆ ಬೇಕಾದ ಸಣ್ಣ ಡಿಎನ್‌ಎ ತುಣುಕು) ಒಂದೇ ಟ್ಯೂಬಿನಲ್ಲಿಟ್ಟು ಹತ್ತು ಸಲ ಕರಗಿಸಿ ಹೆಪ್ಪುಗಟ್ಟಿಸಿದರೂ ಇದೇ ಗತಿ ಬರಬಹುದು. ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿಡಿ.

ನಿಯಮ ಇಷ್ಟು: ಒಂದು ಸಲಕ್ಕೆ ಒಂದೇ ಬದಲಾವಣೆ. ಕಂಟ್ರೋಲೇ ಬಾರದಿದ್ದರೆ ಅದು ಪ್ರಯೋಗವೇ ಅಲ್ಲ, ಲೆಕ್ಕಕ್ಕೆ ಹಿಡಿಯಬೇಡಿ. ಒಂದೇ ಪ್ರಯೋಗ ಮೂರು ಸಲ ಕೈಕೊಟ್ಟರೆ ನಾಲ್ಕನೆಯದನ್ನು ಇನ್ನೊಬ್ಬರು, ಅವರದೇ ರೀಏಜೆಂಟಿನಿಂದ, ನೀವು ಬರೆದ ವಿಧಾನ ಓದಿಕೊಂಡು ಮಾಡಬೇಕು. ಅವರಿಗೂ ಬಾರದಿದ್ದರೆ ದೋಷ ವಿಧಾನದ್ದು. ಅವರಿಗೆ ಬಂದರೆ ಇಬ್ಬರ ನಡುವಿನ ವ್ಯತ್ಯಾಸ ಹುಡುಕಬಹುದು. ಎರಡೂ ಸಲ ಸಿಗುವುದು ಮಾಹಿತಿ, ತೀರ್ಪಲ್ಲ. ಏಳೆಂಟು ಸಲ ಒಬ್ಬರೇ ಗುದ್ದಾಡಲು ಬಿಡುವ ಲ್ಯಾಬುಗಳಲ್ಲಿ ಜನ ಮುರಿಯುವುದು ಇಲ್ಲೇ.

ಹೊಲದ ಪ್ರಯೋಗದವರ ಕಷ್ಟ ಇನ್ನೂ ಬೇರೆ. ವಿಜಯಪುರದ ದ್ರಾಕ್ಷಿಗೆ ಏಪ್ರಿಲ್ ಚಾಟ್ನಿ (ಕೊಂಬೆ ಕತ್ತರಿಸುವುದು), ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡೇ ಸಲ ಅವಕಾಶ. ಹಿಂಗಾರಿ ಬಿಳಿಜೋಳದ ಬಿತ್ತನೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ತಪ್ಪಿದರೆ ಮುಂದಿನ ವರ್ಷವೇ ಗತಿ. ಅಕಾಲ ಮಳೆಗೆ ಹೂವು ಉದುರಿದರೆ ಒಬ್ಬ ಸ್ಕಾಲರ್‌ನ ಒಂದು ವರ್ಷ ಹೋಯಿತು. ಅದಕ್ಕೇ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಬರೆಯುವಾಗಲೇ ಮಳೆಗೆ ಸಂಬಂಧವಿಲ್ಲದ ಇನ್ನೊಂದು ಕೆಲಸ ಸೇರಿಸಬೇಕು: ಕುಂಡದಲ್ಲಿ ಮಾಡುವ ಪ್ರಯೋಗ, ಕೊಯ್ಲಿನ ನಂತರದ ಗುಣಮಟ್ಟ ಪರೀಕ್ಷೆ, ಹಳೆಯ ದತ್ತಾಂಶದ ವಿಶ್ಲೇಷಣೆ. ಎಲ್ಲ ಕಾಳನ್ನೂ ಒಂದೇ ಹಗೇವಿನಲ್ಲಿ ಇಡುವುದಿಲ್ಲವಲ್ಲ.

ಗೈಡ್ ಜೊತೆಗಿನ ಅರ್ಧ ತಾಸು

ವಾರಕ್ಕೊಂದು ಸಲ, ಒಂದೇ ದಿನ, ಒಂದೇ ಹೊತ್ತು, ಮೂವತ್ತು ನಿಮಿಷ. ತಪ್ಪಿದರೆ ಆ ವಾರದೊಳಗೇ ಬೇರೆ ದಿನ. ವಿದ್ಯಾರ್ಥಿ ಒಂದು ಪುಟ ತರಬೇಕು: ಈ ವಾರ ಮಾಡಿದ್ದು, ಸಿಕ್ಕಿಕೊಂಡದ್ದು, ಮುಂದಿನ ವಾರದ್ದು, ನಿಮ್ಮಿಂದ ಬೇಕಾದದ್ದು. ಅಂದೇ ಸಂಜೆ ನಾಲ್ಕು ಸಾಲಿನ ಸಂದೇಶ: 'ಸರ್, ಇವತ್ತು ನಿರ್ಧಾರವಾದದ್ದು ಇದು.' ಮೂರು ತಿಂಗಳ ಮೇಲೆ 'ನಾ ಹಂಗ ಹೇಳಿಲ್ಲ' ಎಂಬ ಜಗಳ ಬರುವುದು ಇದರಿಂದ ತಪ್ಪುತ್ತದೆ. ಗೈಡಿಗೂ ಇದು ರಕ್ಷಣೆಯೇ.

ಬೈಯಬೇಕಾದರೆ ಬಾಗಿಲು ಮುಚ್ಚಿ ಬೈಯಿರಿ, ಕೆಲಸವನ್ನು ಬೈಯಿರಿ. "ನಿನ್ನ ಕೈಲೆ ಆಗೂದಲ್ಲ ಇದು" ಎಂಬ ಮಾತು ಜೂನಿಯರ್‌ಗಳೆದುರು ಬಿದ್ದರೆ ವರ್ಷಗಟ್ಟಲೆ ಕೊರೆಯುತ್ತದೆ. "ಕಂಟ್ರೋಲ್ ತಗೊಂಡ ಬಾ, ಎಲ್ಲಿ ತಪ್ಪೇತಿ ಕೂಡೇ ನೋಡೂಣು" ಎಂದರೂ ಅಷ್ಟೇ ಉಸಿರು ಖರ್ಚಾಗುತ್ತದೆ. ಗೈಡಿನ ಮನೆಯ ಕೆಲಸ, ಮಕ್ಕಳನ್ನು ಶಾಲೆಗೆ ಬಿಡುವುದು, ಬ್ಯಾಂಕಿನ ಸಾಲು: ಇವು ಸ್ಕಾಲರ್‌ನ ಕೆಲಸವಲ್ಲ. ರಾತ್ರಿ ಒಂಬತ್ತರ ನಂತರ ಯಾರೂ ಲ್ಯಾಬಿನಲ್ಲಿ ಒಬ್ಬರೇ ಇರಬಾರದು. ಭೂತರಾಮನಹಟ್ಟಿಯಂಥ ಊರಾಚೆಯ ಕ್ಯಾಂಪಸ್ಸುಗಳಲ್ಲಿ ಬಸ್ಸಿನ ಹೊತ್ತು ನೋಡಿಯೇ ಸೆಮಿನಾರ್ ಇಡಬೇಕು.

ಗೈಡೇ ಸಮಸ್ಯೆಯಾದರೆ? ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿಯಂತೆ ಪ್ರತಿ ಸೆಮಿಸ್ಟರಿಗೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕು. ಮಾತೆತ್ತಲು ಅದೇ ಮೊದಲ ಜಾಗ. ಆಮೇಲೆ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ. 2023ರ ನಿಯಮಾವಳಿಯಂತೆ ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಒಪ್ಪಿಗೆಯಾಗದಿದ್ದರೆ ಓಂಬುಡ್ಸ್‌ಪರ್ಸನ್‌ಗೆ (ದೂರುಗಳ ಮೇಲ್ಮನವಿ ಕೇಳುವವರು) ಮೇಲ್ಮನವಿ. ಲೈಂಗಿಕ ಕಿರುಕುಳವಾದರೆ ಈ ದಾರಿಯಲ್ಲ, ನೇರವಾಗಿ ಆಂತರಿಕ ಸಮಿತಿಗೆ. ಎಲ್ಲಕ್ಕೂ ದಿನಾಂಕ ಹಾಕಿದ ಬರಹ ಬೇಕು. ಮೇಲೆ ಹೇಳಿದ ವಾರದ ಸಂದೇಶಗಳು ಇಲ್ಲೂ ಕೆಲಸಕ್ಕೆ ಬರುತ್ತವೆ.

ದುಡ್ಡು, ಅವಧಿ, ಭಾಷೆ

2023ರ ಜನವರಿಯಿಂದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯರದು) 42,000. ಇದು ಸಿಗುವವರು ಕೆಲವರೇ. ಉಳಿದವರು ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿ ಸಂಜೆ ಲ್ಯಾಬಿಗೆ ಬರುತ್ತಾರೆ. ಸಿಗುವವರಿಗೂ ಸಮಯಕ್ಕೆ ಸಿಗುವುದಿಲ್ಲ. ಯುಜಿಸಿ ಫೆಲೋಶಿಪ್ಪಿಗೆ ಸಂಸ್ಥೆ ಪ್ರತಿ ತಿಂಗಳೂ ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ಅದನ್ನು ಮಾಡುವ ಗುಮಾಸ್ತರು ರಜೆ ಹೋದರೆ ಹಣ ನಿಂತಿತು. ಪರ್ಯಾಯ ವ್ಯಕ್ತಿಯೊಬ್ಬರನ್ನು ಮೊದಲೇ ಗೊತ್ತುಮಾಡಿಡಿ. ಸ್ಕಾಲರ್‌ಗಳು ಹಣ ಬಂದ ತಿಂಗಳುಗಳಲ್ಲೇ ಮೂರು ತಿಂಗಳ ಖೋಲಿ ಬಾಡಿಗೆ, ಊಟದ ಖರ್ಚು ಬೇರೆ ಖಾತೆಯಲ್ಲಿಡುವುದು ಒಳ್ಳೆಯದು.

ಅವಧಿಯ ಹೆದರಿಕೆ ಬಹುಪಾಲು ನಿಯಮ ತಿಳಿಯದ್ದರಿಂದ ಬರುತ್ತದೆ. 2022ರ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೆರಡು ವರ್ಷದ ಸಡಿಲಿಕೆ. ಹೆರಿಗೆ, ಮಗುವಿನ ಆರೈಕೆಗೆ 240 ದಿನದವರೆಗೆ ರಜೆ. "ಮದಿವಿ ಯಾವಾಗ?" ಎಂದು ಮನೆಯಿಂದ ಪ್ರತಿ ಭಾನುವಾರ ಫೋನ್ ಬರುವ ಹುಡುಗಿಗೆ ಈ ಅಂಕಿಗಳು ಗೊತ್ತಿದ್ದರೆ ಉತ್ತರಿಸುವ ಧೈರ್ಯವಾದರೂ ಇರುತ್ತದೆ.

ಇನ್ನು ಭಾಷೆ. ಕನ್ನಡ ಮಾಧ್ಯಮದಲ್ಲಿ ಶೇ 90 ತೆಗೆದ ಹುಡುಗ ಪಿಯುಸಿ ಸೈನ್ಸಿಗೋ ಬಿಎಸ್ಸಿಗೋ ಬಂದು ಮೊದಲ ಟೆಸ್ಟಿನಲ್ಲಿ ನಾಪಾಸಾದರೆ, ತಾನು ದಡ್ಡನಾದೆ ಎಂದುಕೊಳ್ಳುತ್ತಾನೆ. ಮೊದಲ ಹತ್ತು ಶನಿವಾರ ಒಂದೂವರೆ ತಾಸು ಬಿಡಿ: ವಾರದ ಮೂವತ್ತು ಪಾರಿಭಾಷಿಕ ಪದ, ಎರಡೂ ಭಾಷೆಯಲ್ಲಿ, ಗೋಡೆಯ ಮೇಲೆ. ಪ್ರಶ್ನೆ ಕನ್ನಡದಲ್ಲಿ ಕೇಳಬಹುದು ಎಂದು ಮೊದಲ ದಿನವೇ ಹೇಳಿ. ಪ್ರಾಕ್ಟಿಕಲ್ ವೈವಾದಲ್ಲಿ ತಿಳಿದದ್ದನ್ನು ಕನ್ನಡದಲ್ಲಿ ಹೇಳಿದವರಿಗೂ ಅಂಕ ಕೊಡಿ.

ನಿದ್ದೆ

ಏಳುವ ಹೊತ್ತು ಒಂದೇ ಇರಲಿ, ಮಲಗಿದ್ದು ಎಷ್ಟೊತ್ತಿಗೇ ಆಗಲಿ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಹೊರಳಾಡಿದರೆ ಎದ್ದು ಕೂರಿ, ನಿದ್ದೆ ತೂಗಿದಾಗ ಮತ್ತೆ ಮಲಗಿ. ಚಹಾದ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ತಾಸು ಬೇಕು. ಸಂಜೆ ನಾಲ್ಕರ ಕಪ್ಪೇ ಕೊನೆಯದಾಗಲಿ. ವಿಜಯಪುರ, ಬಾಗಲಕೋಟೆಯ ಏಪ್ರಿಲ್-ಮೇನಲ್ಲಿ ಮೇಲಿನ ಮಹಡಿಯ ಸ್ಲ್ಯಾಬು ನಡುರಾತ್ರಿವರೆಗೂ ಕಾದಿರುತ್ತದೆ. ಅಲ್ಲಿನವರಿಗೆ ಪರೀಕ್ಷೆಯ ಸಮಯದಲ್ಲಿ ಕೆಳಮಹಡಿಯ ಹಾಲಿನಲ್ಲಿ ಮಲಗಲು ವಾರ್ಡನ್ ಬಿಟ್ಟರೆ ಅದು ಯಾವ ಉಪನ್ಯಾಸಕ್ಕಿಂತಲೂ ಹೆಚ್ಚಿನ ಉಪಕಾರ. ನಸುಕಿನಲ್ಲಿ ಅರ್ಧ ತಾಸು ನಡಿಗೆಗೆ ಬೆಳಗಾವಿಯವರಿಗೆ ಕೋಟೆ ಕೆರೆ, ವಿಜಯಪುರದವರಿಗೆ ಗೋಳಗುಮ್ಮಟದ ಸುತ್ತಲಿನ ಉದ್ಯಾನ, ಬಾಗಲಕೋಟೆಯವರಿಗೆ ನವನಗರದ ಅಗಲ ರಸ್ತೆಗಳಿವೆ. ವೈವಾದ ಬಾಗಿಲಲ್ಲಿ ಎದೆ ಹೊಡೆದುಕೊಂಡರೆ ನಾಲ್ಕು ಎಣಿಸಿ ಉಸಿರೆಳೆದು ಆರು ಎಣಿಸಿ ಬಿಡಿ, ಐದು ನಿಮಿಷ.

ದವಾಖಾನೆ, ಮನೆ

ಮೂವರು ಬೇರೆ ಬೇರೆ. ಆಪ್ತ ಸಮಾಲೋಚಕರು ಮಾತಿನಿಂದ ನೆರವಾಗುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಪರೀಕ್ಷೆ, ಚಿಕಿತ್ಸೆ ಮಾಡುತ್ತಾರೆ. ಗುಳಿಗೆ ಬರೆಯುವವರು ಮನೋವೈದ್ಯರು ಮಾತ್ರ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಂತೆ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರಿರಬೇಕು. ನಿಮ್ಮಲ್ಲಿಲ್ಲವೇ? ಪ್ರಾಂಶುಪಾಲರಿಗೆ ಲಿಖಿತವಾಗಿ ಕೇಳಿ. ಬಿಡುವಿದ್ದ ಉಪನ್ಯಾಸಕರ ಹೆಸರು ಬರೆದು 'ಕೌನ್ಸೆಲಿಂಗ್ ಸೆಲ್' ಎಂದು ಬೋರ್ಡು ಹಾಕಿದರೆ ಆಗಲಿಲ್ಲ. ಅಂಕ ಕೊಡುವವರ ಮುಂದೆ ಯಾರು ಬಾಯಿ ಬಿಡುತ್ತಾರೆ?

ಮೂರೂ ಜಿಲ್ಲೆಗಳ ಜಿಲ್ಲಾಸ್ಪತ್ರೆಯಲ್ಲಿ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ. ಒಪಿಡಿ ಚೀಟಿ ಮಾಡಿಸಿ ಹೋಗಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಮೊದಲೇ ವಿಚಾರಿಸಿ ಹೋಗಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಬೆಳಗಾವಿಯಿಂದ ಸುಮಾರು 80 ಕಿ.ಮೀ. ಫೋನಿನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್: 14416. ಉಚಿತ, ದಿನದ 24 ತಾಸೂ, ಕನ್ನಡದಲ್ಲೇ.

ಖಿನ್ನತೆಯ ಗುಳಿಗೆಗಳು ನಾಟಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು. ಇಲ್ಲೇ ಬಹಳ ಮಂದಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಚೆನ್ನಾಗನಿಸಿತೆಂದು ಎರಡನೇ ತಿಂಗಳಲ್ಲಿ ತಟ್ಟನೆ ನಿಲ್ಲಿಸುತ್ತಾರೆ. ಎರಡೂ ತಪ್ಪು, ಬಿಡುವುದಿದ್ದರೂ ವೈದ್ಯರು ಹೇಳಿದ ಹಾಗೆ ಇಳಿಸುತ್ತಾ ಬಿಡಬೇಕು. ಮಂಪರು ಬರಿಸುವ ಔಷಧಿಯಿದ್ದರೆ ಆಮ್ಲ, ಜ್ವಾಲೆ, ಬೈಕು ಸ್ವಲ್ಪ ದಿನ ದೂರ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಗೋಪ್ಯತೆಯ ಹಕ್ಕಿದೆ. ರಜೆಗೆ ವೈದ್ಯರ ಪ್ರಮಾಣಪತ್ರ ಸಾಕು, ಕಾಯಿಲೆಯ ಹೆಸರನ್ನು ಕಾಲೇಜು ಒತ್ತಾಯಿಸಿ ಕೇಳಬಾರದು.

ಮನೆಯವರಿಗೆ 'ಡಿಪ್ರೆಶನ್' ಎಂದು ಶುರುಮಾಡಿದರೆ 'ಹುಚ್ಚರ ಡಾಕ್ಟರ್ ಕಡೆ ಯಾಕ?' ಎಂದೇ ಮಾತು ತಿರುಗುತ್ತದೆ. ಹೀಗೆ ಹೇಳಿ: "ಅವ್ವಾ, ಅವಂಗ ಹದಿನೈದು ದಿನದಿಂದ ನಿದ್ದಿ ಹತ್ತವಲ್ದು, ಊಟಾ ಸೇರವಲ್ದು. ತೋರಿಸಿಕೊಂಡ ಬರೂಣ್ರಿ." ಮಠಕ್ಕೋ ದರ್ಗಾಕ್ಕೋ ಕರೆದೊಯ್ಯುತ್ತೇವೆ ಎಂದರೆ ವಾದ ಬೇಡ. ಅದೂ ಆಗಲಿ, ವೈದ್ಯರ ದಿನ ಮಾತ್ರ ತಪ್ಪದಿರಲಿ.

ಅಪಾಯದ ಹೊತ್ತು

'ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮ' ಎಂಬ ಮಾತು, ಪ್ರಿಯವಾದ ವಸ್ತುಗಳನ್ನು ಹಂಚುವುದು, ತಟ್ಟನೆ ಎಲ್ಲರಿಗೂ ಕ್ಷಮೆ ಕೇಳುವುದು ಕಂಡರೆ ನೇರವಾಗಿ ಕೇಳಿ: "ಜೀವನಾನ ಬ್ಯಾಡ ಅನ್ನಿಸಾಕತ್ತೈತೇನು? ಸಾಯೂ ವಿಚಾರ ಬರತಾವೇನು?" ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ಸುಳ್ಳು, ಕೇಳಿದಾಗ ಭಾರ ಇಳಿಯುವುದೇ ಹೆಚ್ಚು.

ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಬಾತ್‌ರೂಮಿಗೂ ಯಾರಾದರೂ ಜೊತೆ ಹೋಗಿ ಹೊರಗೆ ನಿಲ್ಲಿ. 'ಯಾರಿಗೂ ಹೇಳೂದಿಲ್ಲ' ಎಂದು ಆಣೆ ಮಾಡಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ವಾಹನ ಇಲ್ಲದಿದ್ದರೆ 108 ಅಥವಾ 112. ದಾರಿಯಲ್ಲೇ 14416ಕ್ಕೆ ಹಚ್ಚಬಹುದು. ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆ ತಪ್ಪಿಸುವವರಿದ್ದಾರೆ. 2017ರ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ.

ಆ ತೀವ್ರ ಗಳಿಗೆ ಹೆಚ್ಚಾಗಿ ಅಲ್ಪಾವಧಿಯದು. ಅಪಾಯದ ವಸ್ತುಗಳನ್ನು ಕೈಗೆಟುಕದಂತೆ ದೂರ ಇಟ್ಟಷ್ಟೂ ಜೀವ ಉಳಿಯುತ್ತದೆ. ವಿಷಕಾರಿ ರಾಸಾಯನಿಕ, ಕೀಟನಾಶಕಗಳ ಬೀರುವಿಗೆ ಎರಡು ಬೀಗ ಇರಲಿ, ಒಂದೊಂದರ ಕೀಲಿ ಬೇರೆ ಬೇರೆ ಇಬ್ಬರ ಬಳಿ. ಕೊಟ್ಟದ್ದು, ಉಳಿದದ್ದು ರಿಜಿಸ್ಟರಿನಲ್ಲಿ ಬರಲಿ, ಇಬ್ಬರ ಸಹಿಯೊಂದಿಗೆ. ಹೊಲಮನೆಗೆ ರಜೆಯಲ್ಲಿ ಕಳಿಸುವಾಗ ಅಲ್ಲಿನ ಎಣ್ಣೆ (ಕೀಟನಾಶಕ) ಡಬ್ಬಿಗಳಿಗೂ ಬೀಗ ಹಾಕಲು ಮನೆಯವರಿಗೆ ಹೇಳಿ.

ಆ ವಿದ್ಯಾರ್ಥಿ ಲ್ಯಾಬಿಗೆ ಮರಳಿ ಬಂದಾಗ ಮೊದಲ ಎರಡು ವಾರ ಅರ್ಧ ದಿನ ಸಾಕು. ಬರಹ, ಲೆಕ್ಕ, ಜೂನಿಯರ್‌ಗೆ ಕಲಿಸುವಂಥ ಖಚಿತವಾಗಿ ಮುಗಿಯುವ ಕೆಲಸ ಕೊಡಿ. ಮೂರು ಸಲ ಕೈಕೊಟ್ಟಿದ್ದ ಅದೇ ಪ್ರಯೋಗವನ್ನಲ್ಲ. ಏನಾಗಿತ್ತೆಂದು ಗುಂಪಿನಲ್ಲಿ ಕೇಳದಂತೆ ಉಳಿದವರಿಗೆ ಮೊದಲೇ ಹೇಳಿಡಿ.

ಒಂದು ಎ4 ಹಾಳೆಯಲ್ಲಿ 14416, 112, 108, ನಿಮ್ಮ ಸಮಾಲೋಚಕರ ಹೊತ್ತು ಮತ್ತು ಕೋಣೆ, ಜಿಲ್ಲಾಸ್ಪತ್ರೆಯ ಒಪಿಡಿ ದಿನಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಎಚ್‌ಒಡಿ ಕೋಣೆಯೆದುರಿನ ನೋಟಿಸ್ ಬೋರ್ಡಿಗೆ ಹಚ್ಚಬೇಡಿ. ಅಲ್ಲಿ ನಿಂತು ಅದನ್ನು ಬರೆದುಕೊಳ್ಳುವ ಧೈರ್ಯ ಯಾರಿಗೂ ಇರುವುದಿಲ್ಲ. ಶೌಚಾಲಯದ ಬಾಗಿಲಿನ ಒಳಮೈಗೆ ಹಚ್ಚಿ, ಹುಡುಗರದಕ್ಕೂ ಹುಡುಗಿಯರದಕ್ಕೂ. ಪ್ರತಿ ಸೆಮಿಸ್ಟರಿನ ಮೊದಲ ವಾರ ನಂಬರುಗಳಿಗೆ ಒಮ್ಮೆ ಫೋನ್ ಹಚ್ಚಿ ನೋಡಿ, ಹಾಳೆ ಬದಲಿಸಿ.